‘ಅತಿಥಿ’ ಎಂಬ ಪದದ ಬಗ್ಗೆ ಒಂದು ತಕರಾರು

ಮಾನ್ಯರೇ,

ನಿರಾಶ್ರಿತರನ್ನು ಕುರಿತ ನಿಮ್ಮ ಪ್ರಬಂಧವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ತಿದ್ದಿ ಬರೆದರೆ ಒಳ್ಳೆಯ ಲೇಖನವಾಗುತ್ತದೆಂಬ ನಂಬಿಕೆಯಿಂದ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನಿಮ್ಮ ವಾದವೆಲ್ಲ ‘ಅತಿಥಿ ದೇವೋ ಭವ’ ಎಂಬ ಉಪನಿಷತ್ತಿನ ಮಾತಿನ ಮೇಲೆ ನಿಂತಿದೆ. ಜರ್ಮನ್ ತತ್ವಜ್ಞಾನಿ ಕಾಂಟ್ ಹೇಳಿದ್ದೂ ಅದನ್ನೇ ಎಂದಿದ್ದೀರಿ. ಆತ ಹಾಗೆ ಹೇಳಿಲ್ಲ. ಶಾಶ್ವತ ಶಾಂತಿಯನ್ನು ಕುರಿತ 1795ರ ಪ್ರಬಂಧದಲ್ಲಿ ಆತ ಪರದೇಶಿಗೆ ಒಪ್ಪುವುದು ಬಂದುಹೋಗುವ ಹಕ್ಕನ್ನೇ ಹೊರತು ಅತಿಥಿಯಾಗಿ ಉಳಿಯುವ ಹಕ್ಕನ್ನಲ್ಲ. ಆದರೆ ಹಿಂದಕ್ಕೆ ಕಳಿಸಿದರೆ ಬಂದವನು ನಾಶವಾಗುವಂತಿದ್ದರೆ ಕಳಿಸಕೂಡದು ಎನ್ನುತ್ತಾನೆ, ಮತ್ತು ಇದು ದಯೆಯ ಪ್ರಶ್ನೆಯಲ್ಲ, ಹಕ್ಕಿನ ಪ್ರಶ್ನೆ ಎಂದು ಒತ್ತಿ ಹೇಳುತ್ತಾನೆ. ಜೀವಕ್ಕೆ ಅಪಾಯವಿರುವಲ್ಲಿಗೆ ನಿರಾಶ್ರಿತರನ್ನು ಮರಳಿಸಬಾರದೆಂಬ 1951ರ ವಿಶ್ವಸಂಸ್ಥೆಯ ಒಪ್ಪಂದದ 33ನೆಯ ವಿಧಿಗೆ ಇದು ಎಷ್ಟು ಹತ್ತಿರವಿದೆ ನೋಡಿ. ಅಂದಹಾಗೆ, ಭಾರತ ಆ ಒಪ್ಪಂದಕ್ಕೆ ಸಹಿ ಹಾಕಿಲ್ಲವಾದ್ದರಿಂದ ಅದನ್ನು ‘ಉಲ್ಲಂಘಿಸಿದೆ’ ಎಂಬ ನಿಮ್ಮ ವಾಕ್ಯ ನಿಲ್ಲುವುದಿಲ್ಲ.

ಅತಿಥಿಯಾದವನು ಉಂಡು ಹೊರಡುತ್ತಾನೆ. 1960ರ ದಶಕದಲ್ಲಿ ಬೈಲುಕುಪ್ಪೆಗೆ ಬಂದ ಟಿಬೆಟನ್ನರು ಕಾಡು ಸವರಿ ಮುಸುಕಿನ ಜೋಳ ಬೆಳೆದರು. ಅಲ್ಲೇ ಅವರ ಮಕ್ಕಳು, ಮೊಮ್ಮಕ್ಕಳು ಹುಟ್ಟಿದರು. ಆ ಮೊಮ್ಮಕ್ಕಳನ್ನೂ ಅತಿಥಿಗಳೆನ್ನುವುದು ಗೌರವವೋ, ಹೊರಗಿಡುವ ನಯವಾದ ಉಪಾಯವೋ? ನಿಮ್ಮ ಪ್ರಬಂಧ ಕೇಳಬೇಕಾದ ಪ್ರಶ್ನೆ ಇದೇ.

ಸಮುದಾಯವೊಂದಕ್ಕೆ ತನ್ನ ಸದಸ್ಯರನ್ನು ಆರಿಸಿಕೊಳ್ಳುವ ಅಧಿಕಾರವಿದೆಯೆಂದ ಅಮೆರಿಕದ ರಾಜಕೀಯ ಚಿಂತಕ ಮೈಕೆಲ್ ವಾಲ್ಜರ್ ಅವರನ್ನು ‘ಹೃದಯಹೀನ’ ಎಂಬ ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದೀರಿ. ಒಳಗೆ ಬಂದು ದುಡಿಯುತ್ತಿರುವವರಿಗೆ ಪೌರತ್ವದ ದಾರಿಯನ್ನೇ ಮುಚ್ಚುವುದು ದಬ್ಬಾಳಿಕೆ ಎಂದವರೂ ಅವರೇ. ನೀರು, ಭಾಷೆ, ಬಾಡಿಗೆಯ ಬಗ್ಗೆ ಬೆಂಗಳೂರಿನಲ್ಲಿ ದಿನವೂ ಕೇಳುವ ಆತಂಕಕ್ಕೆ ಉತ್ತರ ಕೊಡಬೇಕಾದರೆ ಅವರನ್ನು ಪೂರ್ತಿ ಓದಲೇಬೇಕು.

ನನ್ನನ್ನು ತಡೆದು ನಿಲ್ಲಿಸಿದ್ದು ನಿಮ್ಮ ಮೂರನೆಯ ಪುಟ. ಹೆಬ್ಬಾಳದಾಚೆಯ ಶೀಟಿನ ಗುಡಿಸಲಿನಲ್ಲಿ ಮ್ಯಾನ್ಮಾರ್‌ನಿಂದ ಬಂದ ರೋಹಿಂಗ್ಯಾ ಹೆಂಗಸೊಬ್ಬರು ಅಕ್ಕಿ ಡಬ್ಬಿಯೊಳಕ್ಕೆ ಮೊಣಕೈವರೆಗೆ ಕೈಯಿಳಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ವಿಶ್ವಸಂಸ್ಥೆಯ ಗುರುತುಚೀಟಿಯನ್ನು ತೆಗೆದು ತೋರಿಸುತ್ತಾರೆ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನಿಲ್ಲದ ನಮ್ಮ ದೇಶದಲ್ಲಿ ಆ ಚೀಟಿ ಎಷ್ಟು ದೂರ ನಡೆದೀತು? 1933ರಲ್ಲಿ ಜರ್ಮನಿಯಿಂದ ತಪ್ಪಿಸಿಕೊಂಡು, 1951ರಲ್ಲಿ ಅಮೆರಿಕದ ಪೌರತ್ವ ಪಡೆದ ಯಹೂದಿ ಚಿಂತಕಿ ಹಾನಾ ಅರೆಂಟ್ ‘ಹಕ್ಕುಗಳನ್ನು ಹೊಂದುವ ಹಕ್ಕು’, ಅಂದರೆ ಯಾವುದಾದರೊಂದು ಸಮುದಾಯದ ಸದಸ್ಯರಾಗಿರುವ ಹಕ್ಕು, ಎಂದದ್ದು ಇಂಥ ಸ್ಥಿತಿಯನ್ನು ಕಂಡೇ. ನೀವು ಈ ದೃಶ್ಯವನ್ನು ಎರಡು ಸಾಲಿನಲ್ಲಿ ಮುಗಿಸಿ ಮತ್ತೆ ಉಪನಿಷತ್ತಿಗೆ ಹೋಗಿಬಿಟ್ಟಿದ್ದೀರಿ.

ದಯವಿಟ್ಟು ಆ ಡಬ್ಬಿಯಿಂದಲೇ ಆರಂಭಿಸಿ. ಇನ್ನೊಮ್ಮೆ ಹೋಗಿ ಅವರೊಡನೆ ಕೂತು ಮಾತಾಡಿ. ಅವರ ಹೆಸರನ್ನಾಗಲಿ ಗುಡಿಸಲಿನ ಗುರುತನ್ನಾಗಲಿ ಲೇಖನದಲ್ಲಿ ಕೊಡಬೇಡಿ. ಹೊಸ ಕರಡಿಗಾಗಿ ಕಾಯುತ್ತಿರುತ್ತೇನೆ.

ಇತಿ,
ಸಂಪಾದಕ