ಎಡಿಸನ್‌ಗೆ ನಡುಪೇಟೆ ಏಕಿಲ್ಲ?

ಓದುಗರ ಪತ್ರ: ಮಗಳು ಅಮೆರಿಕದ ನ್ಯೂಜೆರ್ಸಿ ರಾಜ್ಯದ ಎಡಿಸನ್‌ನಲ್ಲಿದ್ದಾಳೆ. ಕಳೆದ ಬೇಸಿಗೆಯಲ್ಲಿ ಹೋಗಿದ್ದಾಗ ಎಷ್ಟು ಸುತ್ತಿದರೂ ಊರಿನ ನಡುಪೇಟೆ ಕಾಣಲಿಲ್ಲ. ವಿಜ್ಞಾನಿ ಎಡಿಸನ್ ಹುಟ್ಟಿದ್ದು ಅಲ್ಲಿಯೇ? ನಮ್ಮವರು ಅಷ್ಟೊಂದು ಜನ ಅಲ್ಲೇಕೆ ನೆಲೆಸಿದ್ದಾರೆ?

ಸಂಪಾದಕರ ಉತ್ತರ: ನಡುಪೇಟೆ ನಿಮಗೆ ಸಿಗದಿದ್ದುದು ಸಹಜ. ಎಡಿಸನ್ ಹಲವು ಹಳ್ಳಿಗಳು ಕೂಡಿ ಆದ ಊರು. ಪಿಸ್ಕಾಟವೇ ಮತ್ತು ವುಡ್‌ಬ್ರಿಜ್‌ಗಳಿಂದ ಒಂದಷ್ಟು ಭಾಗ ಬೇರ್ಪಡಿಸಿ 1870ರಲ್ಲಿ ಅದನ್ನು ರಚಿಸಿದರು. ಸ್ಟೆಲ್ಟನ್, ಬಾನ್‌ಹ್ಯಾಮ್‌ಟೌನ್, ಓಕ್ ಟ್ರೀ, ಮೆನ್ಲೋ ಪಾರ್ಕ್ ಎಲ್ಲವೂ ಅದರ ಎಲ್ಲೆಯೊಳಗೆ ಸೇರಿದವು. ಆಗಿನ ಹೆಸರು ರಾರಿಟನ್ ಟೌನ್‌ಶಿಪ್. ದಕ್ಷಿಣದ ಅಂಚಿನಲ್ಲಿ ಹರಿಯುವ ನದಿಯ ಹೆಸರು ಅದು; ಲೆನಾಪೆ ಮೂಲನಿವಾಸಿಗಳ ಕಾಲದಿಂದ ಬಂದದ್ದು.

ಥಾಮಸ್ ಎಡಿಸನ್ ಹುಟ್ಟಿದ್ದು 1847ರಲ್ಲಿ, ಓಹಾಯೋದ ಮಿಲನ್‌ನಲ್ಲಿ. ಮೆನ್ಲೋ ಪಾರ್ಕಿನಲ್ಲಿ ಪ್ರಯೋಗಾಲಯ ತೆರೆದದ್ದು 1876ರಲ್ಲಿ. ಮರುವರ್ಷವೇ ಧ್ವನಿಯನ್ನು ದಾಖಲಿಸಿ ಮತ್ತೆ ಕೇಳಿಸುವ ಫೋನೋಗ್ರಾಫ್, 1879ರಲ್ಲಿ ವಿದ್ಯುದ್ದೀಪ. 1887ರ ಹೊತ್ತಿಗೆ ಅವರ ಕೆಲಸ ವೆಸ್ಟ್ ಆರೆಂಜ್‌ಗೆ ಸಾಗಿತ್ತು. ಊರಿಗೆ ಅವರ ಹೆಸರಿಟ್ಟದ್ದು ಅವರು ತೀರಿಕೊಂಡು 23 ವರ್ಷಗಳಾದ ಮೇಲೆ, 1954ರಲ್ಲಿ. ಆಗ ಮತದಾರರ ಮುಂದೆ ‘ನಿಕ್ಸನ್’ ಎಂಬ ಹೆಸರೂ ಇತ್ತು. ಮುಂದೆ ಅಧ್ಯಕ್ಷರಾದ ನಿಕ್ಸನ್ ಅವರದಲ್ಲ. ಅಲ್ಲಿ ಸಿಡಿಮದ್ದಿನ ಕಾರ್ಖಾನೆ ಕಟ್ಟಿದ ಉದ್ಯಮಿ ಲೂಯಿಸ್ ನಿಕ್ಸನ್ ಅವರದು. 1924ರಲ್ಲಿ ಆ ಕಾರ್ಖಾನೆಯ ಸ್ಫೋಟದಲ್ಲಿ ಸುಮಾರು ಇಪ್ಪತ್ತು ಮಂದಿ ಸತ್ತಿದ್ದರು. ಜನ ಎಡಿಸನ್ ಹೆಸರನ್ನು ಆರಿಸಿದ್ದು ನನಗೆ ಸರಿಯೆನಿಸುತ್ತದೆ.

ಆದರೆ ಆ ಪ್ರಯೋಗಾಲಯ ಇಂದು ಅಲ್ಲಿಲ್ಲ. ಹೆನ್ರಿ ಫೋರ್ಡ್ ಅದನ್ನು ಮಿಶಿಗನ್‌ನ ಡಿಯರ್‌ಬಾರ್ನ್‌ನಲ್ಲಿ ಮತ್ತೆ ಕಟ್ಟಿಸಿದರು; ಮೆನ್ಲೋ ಪಾರ್ಕಿನ ಕೆಂಪು ಮಣ್ಣನ್ನೂ ಅಲ್ಲಿಗೆ ಸಾಗಿಸಿದರು. ಮೂಲ ಜಾಗದಲ್ಲಿ ಈಗ 131 ಅಡಿಯ ಸ್ಮಾರಕ ಗೋಪುರವಿದೆ, ಅದರ ತುದಿಯಲ್ಲಿ ಹದಿಮೂರು ಅಡಿಗೂ ಮಿಕ್ಕ ಗಾಜಿನ ಬಲ್ಬು.

ಎಡಿಸನ್ ಊರಿನ ಜನಸಂಖ್ಯೆ 2010ರಲ್ಲಿ 99,967 ಇದ್ದದ್ದು 2020ಕ್ಕೆ 1,07,588 ಆಯಿತು. 2010ರಲ್ಲೇ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿ ಭಾರತೀಯ ಮೂಲದವರು. 1965ರ ವಲಸೆ ಕಾನೂನು ಬಾಗಿಲು ತೆರೆಯಿತು. ನ್ಯೂಯಾರ್ಕಿಗೆ ನೇರ ರೈಲಿದ್ದುದರಿಂದ ಕೆಲಸ ಅಲ್ಲಿ, ಮನೆ ಇಲ್ಲಿ ಎಂಬುದು ಸಾಧ್ಯವಾಯಿತು. ಮೊದಲು ಬಂದವರು ಬಂಧುಗಳನ್ನೂ ಸ್ನೇಹಿತರನ್ನೂ ಕರೆಸಿಕೊಂಡರು. 2022ರಿಂದ ಮೇಯರ್ ಆಗಿರುವವರೂ ಭಾರತೀಯ ಮೂಲದ ಸ್ಯಾಮ್ ಜೋಶಿ.

ಸೀರೆ, ಸಿಹಿತಿಂಡಿ ಕೊಳ್ಳಲು ನೀವು ಓಕ್ ಟ್ರೀ ರಸ್ತೆಗೆ ಹೋಗಿಯೇ ಇರುತ್ತೀರಿ. ಅಮೆರಿಕದ ಸ್ವಾತಂತ್ರ್ಯ ಸಮರದ ವೇಳೆ, 1777ರ ಜೂನ್‌ನಲ್ಲಿ, ಬ್ರಿಟಿಷರಿಗೂ ವಾಷಿಂಗ್ಟನ್ನರ ಸೇನೆಗೂ ಕಾದಾಟ ನಡೆದದ್ದು ಆ ಸುತ್ತಿನಲ್ಲೇ. ಮುಂದಿನ ಸಲ ಹೋದಾಗ ಅಲ್ಲಿನ ಓಕ್ ಟ್ರೀ ಕೊಳವನ್ನು ಮಗಳೊಂದಿಗೆ ನೋಡಿಬನ್ನಿ.