ತೊಂಬತ್ತೇಳರಲ್ಲಿ ನಿಂತುಹೋದ ಫ್ರೆಂಚ್

ಅವರು ಆಪ್ತಸಲಹೆಗೆಂದು ನನ್ನ ಬಳಿ ಬಂದದ್ದು ಫ್ರೆಂಚ್ ವಿಷಯಕ್ಕಲ್ಲ. "ಯಾವುದನ್ನೂ ಪೂರ್ತಿ ಮಾಡೋಕೆ ಆಗ್ತಿಲ್ಲ ಮೇಡಂ, ನನ್ನ ಮೇಲೆ ನನಗೇ ಬೇಜಾರು" ಎಂದು ಮಾತು ಶುರುಮಾಡಿದರು. ವಯಸ್ಸು ನಲವತ್ತು ದಾಟಿದೆ. ಲೆಕ್ಕಪತ್ರ ನೋಡುವ ಕೆಲಸ. (ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.) ಮನೆ, ಕೆಲಸ, ನಿದ್ದೆ, ಊಟ ಎಲ್ಲ ವಿಚಾರಿಸಿದೆ. ಎಲ್ಲ ನೆಟ್ಟಗೇ ಇತ್ತು. ಅರ್ಧಕ್ಕೆ ನಿಂತದ್ದು ಒಂದೇ ಒಂದು, ಆನ್‌ಲೈನ್ ಫ್ರೆಂಚ್ ಕೋರ್ಸ್. ಅದೂ ಮೂರು ಸಲ!

ಮೂರೂ ಸಲ ಎ1 ಹಂತವೇ. ಯುರೋಪಿನ ಭಾಷಾ ಅಳತೆಯಲ್ಲಿ ಎ1ರಿಂದ ಸಿ2ವರೆಗೆ 6 ಮೆಟ್ಟಿಲು, ಇದು ಮೊದಲನೆಯದು. ಮೂರು-ನಾಲ್ಕನೇ ವಾರಕ್ಕೆ ಬಿಡುವುದು, ಕೆಲವು ತಿಂಗಳು ಕಳೆದ ಮೇಲೆ ಬೇರೆ ಕೋರ್ಸಿಗೆ ಹಣ ಕಟ್ಟುವುದು, ಮತ್ತೆ 'ಬೋಂಝೂರ್' ಅಂತ ಮೊದಲಿಂದ ಶುರು. "ನೆನಪಿನ ಶಕ್ತಿ ಹೋಗ್ತಿದೆ ಅನ್ಸುತ್ತೆ" ಅಂದರು.

ನೆನಪು ಹೋಗುವವರು ಹೀಗೆ ಲೆಕ್ಕ ಇಟ್ಟ ಹಾಗೆ ಅದೇ ಜಾಗದಲ್ಲಿ ನಿಲ್ಲುವುದಿಲ್ಲ. ಆ ವಾರ ಏನು ಪಾಠ ಇರುತ್ತದೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ನಂಬರ್‌ಗಳು" ಅಂದರು.

ಮೊದಲ ಕೋರ್ಸಿನಲ್ಲಿ ಹನ್ನೆರಡು ಜನ ಇದ್ದರಂತೆ. ಟೀಚರ್ ಒಬ್ಬೊಬ್ಬರಿಂದಲೂ ಫೋನ್ ನಂಬರ್ ಹೇಳಿಸುತ್ತಿದ್ದರು. ಫ್ರಾನ್ಸಿನಲ್ಲಿ ಫೋನ್ ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳುವುದಿಲ್ಲ, ಎರಡೆರಡು ಜೋಡಿಸಿ ಹೇಳುತ್ತಾರೆ. ಇವರ ನಂಬರಿನಲ್ಲಿ 97 ಬಂತು. ಫ್ರೆಂಚಿನಲ್ಲಿ 70 ಅಂದರೆ 'ಅರವತ್ತು-ಹತ್ತು'. 80 ಅಂದರೆ 'ನಾಲ್ಕು ಇಪ್ಪತ್ತು'. 97 ಆಗಬೇಕಾದರೆ 'ನಾಲ್ಕು ಇಪ್ಪತ್ತು ಹತ್ತು ಏಳು', ಕಾತ್ರ-ವ್ಯಾಂ-ದಿಸ್ಸೆತ್. ಇವರು 'ಕಾತ್ರ' ಅಂದು ನಿಂತರು. ಪರದೆಯ ಮೇಲೆ ಹನ್ನೊಂದು ಮುಖ. ಯಾರೋ ನಕ್ಕರು. ಅವರ ಮನೆಯಲ್ಲಿ ಏನು ನಡೆಯುತ್ತಿತ್ತೋ, ಬೇರೇನಕ್ಕೋ ನಕ್ಕಿರಬಹುದು. "ದಿನವಿಡೀ ಅಂಕಿ-ಸಂಖ್ಯೆಯಲ್ಲೇ ಬದುಕೋಳು ನಾನು. ತೊಂಬತ್ತೇಳು ಅನ್ನೋಕೆ ಆಗಲಿಲ್ಲ" ಅಂದರು. ಅವತ್ತು ಮ್ಯೂಟ್ ಮಾಡಿದ ಮೈಕು ಮತ್ತೆ ತೆರೆಯಲಿಲ್ಲ. ಮುಂದಿನ ಎರಡು ಕೋರ್ಸ್‌ಗಳಲ್ಲಿ ಸಂಖ್ಯೆಯ ಪಾಠ ಹತ್ತಿರ ಬರುತ್ತಿದ್ದ ಹಾಗೇ ಏನೋ ಒಂದು ಕೆಲಸ ಅಡ್ಡ ಬರುತ್ತಿತ್ತು.

ಇದಕ್ಕೆ ನಮ್ಮ ಕ್ಷೇತ್ರದಲ್ಲಿ ಹಳೆಯ ಗುರುತಿದೆ. 1986ರಲ್ಲಿ ಭಾಷಾ ಕಲಿಕೆಯ ಸಂಶೋಧಕಿ ಎಲೇನ್ ಹಾರ್ವಿಟ್ಜ್ ಮತ್ತು ಸಂಗಡಿಗರು ಹೊಸ ಭಾಷೆಯ ತರಗತಿಯಲ್ಲಿ ಹುಟ್ಟುವ ಅಳುಕನ್ನು ಪ್ರತ್ಯೇಕವಾಗಿಯೇ ನೋಡಬೇಕು ಎಂದು ಹೇಳಿ, ಅದನ್ನು ಅಳೆಯಲು 33 ಹೇಳಿಕೆಗಳ ಪಟ್ಟಿ ಮಾಡಿದರು. ಬೇರೆಲ್ಲ ಕಡೆ ಧೈರ್ಯವಾಗಿ ಮಾತಾಡುವವರೂ ಇಲ್ಲಿ ಮುದುಡಿಕೊಳ್ಳಬಹುದು. ಇವರದ್ದು ಇದೇ. ಎಲ್ಲಿ ಹೋದರೂ, ಯಾರ ಮುಂದೆಯೂ ಈ ಭಯ ಕಾಡುತ್ತಿದ್ದರೆ ಆಗ ಬೇರೆ ದಾರಿ ಹಿಡಿಯಬೇಕಿತ್ತು.

ಎರಡನೇ ಭೇಟಿಯಲ್ಲಿ ಒಂದು ಕೆಲಸ ಮಾಡಿದೆ. ನನಗೆ ಫ್ರೆಂಚ್ ಬರುವುದಿಲ್ಲ. ಈ ಪ್ರಕರಣದಲ್ಲಿ ಅದೇ ಅನುಕೂಲವಾಯಿತು ಅನ್ನಿ. "ನನಗೆ ಹತ್ತು ನಿಮಿಷ ಪಾಠ ಮಾಡಿ" ಅಂದೆ. ಮೊದಲು ಹಿಂಜರಿದರು. ಆಮೇಲೆ ನನ್ನ ಪುಸ್ತಕ ಎಳೆದುಕೊಂಡು ಮೂರು ಪದ ಬರೆದರು. ಮೂರೂ 'ಮಾತಾಡು' ಎಂಬ ಒಂದೇ ಕ್ರಿಯಾಪದದ ರೂಪಗಳು. ಕೊನೆಯ ಅಕ್ಷರಗಳು ಮೂರರಲ್ಲೂ ಬೇರೆ ಬೇರೆ. "ಓದಿ" ಅಂದರು. ನಾನು ಬರೆದದ್ದನ್ನೆಲ್ಲ ಉಚ್ಚರಿಸಿದೆ. ನಕ್ಕರು. "ಮೂರೂ ಬರೀ ಪಾರ್ಲ್. ಕೊನೇದು ಬಾಯಿಗೆ ಬರಲ್ಲ." ಮೇಜು ಹೆಣ್ಣು, ಪುಸ್ತಕ ಗಂಡು ಎಂದೂ ಹೇಳಿಕೊಟ್ಟರು. ಮೀಸೆಯೂ ಹೆಣ್ಣಂತೆ! ನೀನು-ನೀವು ವ್ಯತ್ಯಾಸ ಅಲ್ಲೂ ಇದೆ, 'ತು' ಮತ್ತು 'ವು', ಕನ್ನಡದವರಿಗೆ ಇದು ಕಲಿಯಬೇಕಾಗಿಯೇ ಇಲ್ಲ ಅಂದರು. ಹತ್ತು ನಿಮಿಷ ಇಪ್ಪತ್ತೈದಾಯಿತು. ನೆನಪು ಹೋಗಿದೆ ಎಂಬ ಮಾತು ಆಮೇಲೆ ಬರಲಿಲ್ಲ.

ನಾನು ಕೊಟ್ಟ ಮೊದಲ ಸಲಹೆ, ನಾಲ್ಕನೇ ಕೋರ್ಸಿಗೆ ಸೇರಬೇಡಿ. ಮೂರನೆಯದರ ಅವಧಿ ಇನ್ನೂ ಉಳಿದಿತ್ತು, ಅದರಲ್ಲೇ ಬಿಟ್ಟ ಪಾಠಕ್ಕೆ ಹೋಗಿ ಎಂದೆ. 'ಮತ್ತೆ ಮೊದಲಿಂದ' ಅನ್ನುವುದು ಶಿಸ್ತಿನ ಹಾಗೆ ಕಾಣುತ್ತದೆ, ಆದರೆ ಇವರಿಗೆ ಅದು ಅವಿತುಕೊಳ್ಳುವ ಜಾಗ. ಬೋಂಝೂರ್ ಪಾಠದಲ್ಲಿ ಇವರೇ ತರಗತಿಗೆ ಮೊದಲಿಗರು, ಅಲ್ವಾ?

ಟೀಚರಿಗೆ ಖಾಸಗಿಯಾಗಿ ನಾಲ್ಕು ಸಾಲು ಬರೆಯಲು ಹೇಳಿದೆ. ಎಲ್ಲರ ಮುಂದೆ ತಕ್ಷಣ ಹೇಳು ಅಂದರೆ ಗಾಬರಿಯಾಗುತ್ತದೆ, ಎರಡು ವಾರ ಜೋಡಿ ಅಭ್ಯಾಸದಲ್ಲಿ ಮಾತ್ರ ಮಾತಾಡುತ್ತೇನೆ, ಅಷ್ಟೇ. ಹಾಗೇ ಪ್ರತಿ ತರಗತಿಯ ಮೊದಲ ಐದು ನಿಮಿಷದಲ್ಲೇ ಮೈಕು ತೆರೆದು ಒಂದು ವಾಕ್ಯ ಹೇಳಬೇಕು. ತಡವಾದಷ್ಟೂ ಮೈಕು ಭಾರವಾಗುತ್ತದೆ. ಯಾವ ವಾಕ್ಯ ಎಂದು ಅವರೇ ಆರಿಸಿದರು: 'ಪುವೇ-ವು ರೆಪೇತೇ, ಸಿಲ್ ವು ಪ್ಲೇ', ದಯವಿಟ್ಟು ಇನ್ನೊಮ್ಮೆ ಹೇಳ್ತೀರಾ. ಒಳ್ಳೆ ಆಯ್ಕೆ. ಸಿಕ್ಕಿಹಾಕಿಕೊಂಡಾಗಲೂ ಬಾಯಲ್ಲಿ ಫ್ರೆಂಚ್ ಇರುತ್ತದೆ.

ಓದುವ ಕ್ರಮವನ್ನೂ ತಿರುಗಿಸಿದೆವು. ಇವರು ರಾತ್ರಿ ಒಂದೂವರೆ ಗಂಟೆ ಕೂತು, ಬಾಯಿ ಮುಚ್ಚಿಕೊಂಡು, ಕಣ್ಣಲ್ಲೇ ಕಲಿಯುತ್ತಿದ್ದರು. ಬರೆದ ಅಕ್ಷರದಲ್ಲಿ ಅಷ್ಟೊಂದು ಮೌನವಾಗಿರುವ ಭಾಷೆಗೆ ಇದು ಆಗುವುದಿಲ್ಲ. ಮೊದಲು ಕೇಳಿ, ಆಮೇಲೆ ಅನ್ನಿ, ಕೊನೆಗೆ ಅಕ್ಷರ ನೋಡಿ ಎಂದೆ. ದಿನಕ್ಕೆ 20 ನಿಮಿಷ ಸಾಕು. ಎ1 ಮುಗಿಸಲು ಸಾಮಾನ್ಯವಾಗಿ 60ರಿಂದ 100 ಗಂಟೆಯ ಕಲಿಕೆ ಬೇಕು ಅನ್ನುತ್ತಾರೆ. ಜಾಹೀರಾತುಗಳ 'ಒಂದೇ ತಿಂಗಳಲ್ಲಿ ಫ್ರೆಂಚ್' ಮಾತಿಗೆ ಇವರು ತಮ್ಮನ್ನು ಹೋಲಿಸಿಕೊಂಡು ಕುಗ್ಗಿದ್ದೇ ಜಾಸ್ತಿ.

ನನ್ನ ಒಂದು ಸಲಹೆ ಪೂರ್ತಿ ತಪ್ಪಾಯಿತು. ನಿಮ್ಮ ದನಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ ಅಂದಿದ್ದೆ. ಮೂರು ದಿನ ಫ್ರೆಂಚ್ ಕಡೆ ತಲೆ ಹಾಕಲಿಲ್ಲ. ತಪ್ಪು ಹಿಡಿಯಲು ಕಾದು ಕೂತವರ ಕೈಗೆ ನಾನೇ ಸಾಕ್ಷಿ ಕೊಟ್ಟಂತಾಯಿತು. ತಕ್ಷಣ ಕೈಬಿಟ್ಟೆವು.

ಯಾಕೆ ಫ್ರೆಂಚ್ ಎಂದು ಮೊದಲೇ ಕೇಳಿದ್ದೆ. "ಸುಮ್ನೆ" ಅಂದಿದ್ದರು. ಮೂರನೇ ಭೇಟಿಯಲ್ಲಿ ನಿಜ ಹೊರಬಂತು. ತಂಗಿಯ ಮಗ ಬೆಳೆಯುತ್ತಿರುವುದು ಸ್ವಿಟ್ಜರ್ಲೆಂಡಿನಲ್ಲಿ, ಫ್ರೆಂಚ್ ಮಾತಾಡುವ ಭಾಗದಲ್ಲಿ. ವಿಡಿಯೋ ಕಾಲ್‌ನಲ್ಲಿ "ದೊಡ್ಡಮ್ಮ" ಅಂದವನು ಎರಡು ನಿಮಿಷಕ್ಕೆ ಫ್ರೆಂಚಿಗೆ ಹೊರಳುತ್ತಾನೆ, ಇವರು ಸುಮ್ಮನೆ ತಲೆಯಾಡಿಸುತ್ತಾರೆ. ಹಾಗಾದರೆ ಅವನ ಜೊತೆಗೇ ಯಾಕೆ ಅಭ್ಯಾಸ ಮಾಡಬಾರದು ಅಂದೆ. ಎಂಟು ವರ್ಷದ ಹುಡುಗ ತಿದ್ದುತ್ತಾನೆ, ನಗುತ್ತಾನೆ, ಮರುಕ್ಷಣ ಮರೆಯುತ್ತಾನೆ.

ಐದನೇ ಭೇಟಿಗೆ ಬಂದಾಗ ಚಪ್ಪಲಿ ಬಿಡುತ್ತಲೇ ಹೇಳತೊಡಗಿದರು. ಹುಡುಗನಿಗೆ ನೂರರಿಂದ ಹಿಂದಕ್ಕೆ ಎಣಿಸಿ ತೋರಿಸುತ್ತೇನೆ ಅಂದಿದ್ದರಂತೆ. 97ಕ್ಕೆ ಬಂದು, ಉಸಿರು ಬಿಗಿಹಿಡಿದು, ಕಾತ್ರ-ವ್ಯಾಂ-ದಿಸ್ಸೆತ್ ಅಂದರು. ಅವನು ಮುಖ ಕಿವುಚಿ "ಅಷ್ಟುದ್ದ ಯಾಕೆ ದೊಡ್ಡಮ್ಮ? ನೋನಾಂತ್-ಸೆತ್ ಅನ್ನು" ಅಂದ. ಅಲ್ಲಿಯವರು 90ಕ್ಕೆ 'ನೋನಾಂತ್' ಅನ್ನುತ್ತಾರೆ. ತೊಂಬತ್ತು, ಏಳು. ಬೆಲ್ಜಿಯಮ್ಮಿನಲ್ಲೂ ಹಾಗೇ. ಎರಡು ವರ್ಷ ಇವರ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಪದ ಆ ಹುಡುಗನ ಮನೆಮಾತಿನಲ್ಲಿ ಇರಲೇ ಇಲ್ಲ.

ಈಗ ಒಂಬತ್ತನೇ ಪಾಠದಲ್ಲಿದ್ದಾರೆ. ತರಗತಿಯಲ್ಲಿ ಉದ್ದದ್ದು, ಹುಡುಗನ ಹತ್ತಿರ ಗಿಡ್ಡದ್ದು. ಮೈಕು ತೆರೆಯುತ್ತಾರೆ. ಕ್ಯಾಮೆರಾ ಇನ್ನೂ ಆಫ್. ಅದರ ಬಗ್ಗೆ ನಾನು ಕೇಳಿಲ್ಲ.