ಶಿರಾ, ತುಮಕೂರು ಕಡೆ ಮಕ್ಕಳ ಜೊತೆ ಖರ್ಚಿಲ್ಲದೆ ಎಲ್ಲಿಗೆ ಹೋಗಬಹುದು?

ಬೇಸಿಗೆ ರಜೆಗೆ ಶಿರಾ ಹತ್ತಿರದ ಅಜ್ಜಿ ಊರಿಗೆ ಬರ್ತೀವಿ, 7 ಮತ್ತು 11 ವರ್ಷದ ಮಕ್ಕಳಿದ್ದಾರೆ, ಟಿಕೆಟ್ಟು ಗಿಕೆಟ್ಟು ಅಂತ ಕಾಸು ಸುರಿಯದೆ ಎಲ್ಲಿಗೆ ಕರೆದುಕೊಂಡು ಹೋಗಬಹುದು ಅಂತ ಕೇಳಿದ್ದೀರಿ. ಶಿರಾ ಅಂದಮೇಲೆ ಯೋಚನೆಯೇ ಬೇಡ. ಮೊದಲು ಕಗ್ಗಲಡುಗೆ ಹೋಗಿ. ಮಿಕ್ಕಿದ್ದೆಲ್ಲ ಆಮೇಲೆ.

ಕಗ್ಗಲಡು ಶಿರಾದಿಂದ ಚಂಗಾವರ ರಸ್ತೆ ಕಡೆ ಸಿಗುವ ಚಿಕ್ಕ ಹಳ್ಳಿ. ಊರೊಳಗಿನ ಹುಣಸೆ ಮರಗಳ ಮೇಲೆ ಪ್ರತಿ ವರ್ಷ ಬಣ್ಣದ ಕೊಕ್ಕರೆಗಳು ಬಂದು ಗೂಡು ಕಟ್ಟುತ್ತವೆ. ವರ್ಷದ ಮೊದಲ ತಿಂಗಳುಗಳಲ್ಲಿ ಬಂದರೆ, ಮರಿಗಳಿಗೆ ರೆಕ್ಕೆ ಬಲಿತ ಮೇಲೆ ಮಳೆಗಾಲದ ಹೊತ್ತಿಗೆ ಹೊರಡುತ್ತವೆ. ಹಾಗಾಗಿ ನಿಮ್ಮ ಏಪ್ರಿಲ್, ಮೇ ರಜೆ ಸರಿಯಾಗಿ ಹೊಂದುತ್ತದೆ. ಬೆಳಗ್ಗೆ ಬೇಗ ಹೋಗಿ, ಇಲ್ಲದಿದ್ದರೆ ಆ ಕಡೆಯ ಬಿಸಿಲು ಮಕ್ಕಳನ್ನು ಸುಸ್ತು ಮಾಡಿಬಿಡುತ್ತದೆ.

"ಹಕ್ಕಿ ನೋಡು" ಅಂತ ಸುಮ್ನೆ ಹೇಳಿದರೆ ಮಕ್ಕಳು ಐದು ನಿಮಿಷ ನೋಡಿ ಮೊಬೈಲ್ ಕೇಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಗೂಡು ಆರಿಸಿಕೊಡಿ, ಅದನ್ನೇ ನೋಡಲಿ. ದೊಡ್ಡ ಹಕ್ಕಿಯ ಹಳದಿ ಕೊಕ್ಕು ತುದಿಯಲ್ಲಿ ಸ್ವಲ್ಪ ಕೆಳಕ್ಕೆ ಬಾಗಿರುತ್ತದೆ, ಬಾಲದ ಹತ್ತಿರ ಗುಲಾಬಿ ಗರಿ. ಮರಿಗಳಿಗೆ ಆ ಬಣ್ಣ ಇನ್ನೂ ಬಂದಿರುವುದಿಲ್ಲ. ಅಪ್ಪನೋ ಅಮ್ಮನೋ ಮೀನು ನುಂಗಿಕೊಂಡು ಬಂದು ಗೂಡಿನಲ್ಲಿ ಕಕ್ಕುತ್ತದೆ, ಮರಿಗಳು ಮುಗಿಬೀಳುತ್ತವೆ. ಗಲಾಟೆಯೆಲ್ಲ ಮರಿಗಳದ್ದೇ. ದೊಡ್ಡವು ಕೂಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಕೊಕ್ಕನ್ನು ಕಟಕಟ ಬಡಿಯುತ್ತವೆ ಅಷ್ಟೇ. ಬಿಸಿಲು ಏರಿದ ಮೇಲೆ ಇನ್ನೊಂದು ನೋಡಬೇಕು: ದೊಡ್ಡ ಹಕ್ಕಿ ಸೂರ್ಯನ ಕಡೆ ಬೆನ್ನು ಹಾಕಿ, ರೆಕ್ಕೆ ಅಗಲಿಸಿ ನಿಂತುಬಿಡುತ್ತದೆ, ಮರಿಗಳು ಆ ನೆರಳಲ್ಲಿ ಕೂರುತ್ತವೆ. ನನ್ನ ಮಗಳು ಅದನ್ನು ನೋಡುತ್ತಾ ತಿಂಡಿ ತಿನ್ನುವುದನ್ನೇ ಮರೆತಿದ್ದಳು. ಮರದ ನೇರ ಕೆಳಗೆ ಮಾತ್ರ ನಿಲ್ಲಬೇಡಿ, ಹಿಕ್ಕೆ ಬೀಳುತ್ತದೆ, ಮೀನಿನ ವಾಸನೆಯೂ ಜಾಸ್ತಿ.

ಮಕ್ಕಳಿಗೆ ಅಲ್ಲಿ ಒಂದು ವಿಷಯ ಹೇಳಲೇಬೇಕು. ನಮ್ಮ ಕಡೆ ಹುಣಸೆ ಅಂದರೆ ದುಡ್ಡು. ಆದರೂ ಆ ಊರಿನವರು ಗೂಡಿರುವ ಮರದ ಹಣ್ಣು ಬಡಿಯದೆ ಬಿಡುತ್ತಾರೆ. ಹಕ್ಕಿ ಅಲ್ಲಿಗೇ ವರ್ಷ ವರ್ಷ ಬರುವುದು ಆ ಜನರ ನಂಬಿಕೆಯ ಮೇಲೆ. ನಾವು ಹೋದವರು ಕೂಗಾಡದೆ, ಕಲ್ಲು ಎಸೆಯದೆ, ಪ್ಲಾಸ್ಟಿಕ್ ಬಿಸಾಡದೆ ಬಂದರೆ ಸಾಕು.

ಇನ್ನೊಂದು ದಿನ ತುಮಕೂರು ಕಡೆ ಇಟ್ಟುಕೊಳ್ಳಿ. ಕ್ಯಾತಸಂದ್ರದ ಸಿದ್ದಗಂಗಾ ಮಠದಲ್ಲಿ ಬಂದವರಿಗೆಲ್ಲ ದಾಸೋಹದ ಊಟ ಇದೆ. ಬೆಟ್ಟದ ಮೆಟ್ಟಿಲು ಹತ್ತಿ ಇಳಿದು, ಪಂಕ್ತಿಯಲ್ಲಿ ಕೂತು ಊಟ ಮಾಡಿದರೆ ಮಕ್ಕಳಿಗೆ ಅದೇ ಒಂದು ಅನುಭವ. 2019ರಲ್ಲಿ 111ನೇ ವಯಸ್ಸಿನಲ್ಲಿ ತೀರಿಕೊಂಡ ಶಿವಕುಮಾರ ಸ್ವಾಮೀಜಿಯವರ ಬಗ್ಗೆ ಹೇಳಿ. ಶಾಲೆ ನಡೆಯುವ ದಿನಗಳಲ್ಲಾದರೆ ಸಾವಿರಾರು ಮಕ್ಕಳು ಒಟ್ಟಿಗೆ ಕೂತು ಪ್ರಾರ್ಥನೆ ಮಾಡುವುದನ್ನೂ ನೋಡಬಹುದು, ರಜೆಯಲ್ಲಿ ಅಷ್ಟು ಮಕ್ಕಳು ಇರುವುದಿಲ್ಲ. ಕ್ಯಾತಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿನ್ನದೆ ಬರಬೇಡಿ, ಆ ಒಂದು ಖರ್ಚು ಮಾಡಿ!

ಕಥೆ ಇಷ್ಟಪಡುವ ಮಕ್ಕಳಾದರೆ ಗೂಳೂರು ಹತ್ತಿರದ ಕೈದಾಳದ ಚೆನ್ನಕೇಶವ ದೇವಸ್ಥಾನ. ಶಿಲ್ಪಿ ಜಕಣಾಚಾರಿ ಕೆತ್ತಿದ ಮೂರ್ತಿಯ ಕಲ್ಲಿನಲ್ಲಿ ಮಗನೇ ದೋಷ ತೋರಿಸಿದ್ದು, ಗಂಧ ಒಣಗದ ಜಾಗದಲ್ಲಿ ಕಪ್ಪೆ ಸಿಕ್ಕಿದ್ದು, ಅಪ್ಪ ತನ್ನ ಕೈಯನ್ನೇ ಕಡಿದುಕೊಂಡದ್ದು, ಈ ದೇವಸ್ಥಾನ ಕಟ್ಟಿದ ಮೇಲೆ ಕೈ ಮತ್ತೆ ಬಂದದ್ದು. ಐತಿಹ್ಯವೇ ಇರಲಿ, ಅದೇ ಜಗಲಿಯಲ್ಲಿ ಕೂತು ಕೇಳಿದರೆ ಮಕ್ಕಳು ಮರೆಯುವುದಿಲ್ಲ.

ದೇವರಾಯನದುರ್ಗದ ಕಾಡಿನ ನಾಮದ ಚಿಲುಮೆಯೂ ಚೆನ್ನಾಗಿದೆ. ರಾಮ ಬಾಣ ಬಿಟ್ಟು ನೀರು ಬರಿಸಿದ ಅನ್ನುವ ಬಂಡೆಯ ಸೆಲೆ, ಪಕ್ಕದಲ್ಲಿ ಜಿಂಕೆಗಳು. ಕೋತಿಗಳಿವೆ, ತಿಂಡಿ ಚೀಲ ಕೈಯಲ್ಲಿ ಆಡಿಸಬೇಡಿ. ಮಧುಗಿರಿ ಬೆಟ್ಟ ಮಾತ್ರ ಈಗ ಬೇಡ. ಮೇಲಿನ ಬಂಡೆ ಕಡಿದು, ಬೇಸಿಗೆಯಲ್ಲಿ ಕಾದಿರುತ್ತದೆ, 7 ವರ್ಷದ ಮಗುವಿಗೆ ಆಗುವುದಲ್ಲ. ದಯವಿಟ್ಟು ಒಂದು ದಿನಕ್ಕೆ ಒಂದೇ ಜಾಗ ನೋಡಿ. ಮೂರು ಜಾಗ ಓಡಿಸಿದರೆ ಮಕ್ಕಳಿಗೆ ಬಸ್ಸು ಬಿಟ್ಟು ಬೇರೇನೂ ನೆನಪಿರುವುದಿಲ್ಲ.

ಬಸ್ ಖರ್ಚಿನ ಬಗ್ಗೆ: 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ, ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಆಧಾರ್ ಇಟ್ಟುಕೊಳ್ಳಿ. ಗಂಡುಮಕ್ಕಳಿಗೆ ಆ ವಯಸ್ಸಿನಲ್ಲಿ ಅರ್ಧ ಟಿಕೆಟ್. ಆದರೆ ಶಿರಾ, ಮಧುಗಿರಿ ಕಡೆ ಪ್ರೈವೇಟ್ ಬಸ್ಸುಗಳೇ ಜಾಸ್ತಿ, ಅದರಲ್ಲಿ ಇದು ನಡೆಯುವುದಿಲ್ಲ. ಹಳ್ಳಿ ರೂಟಿಗೆ ವಾಪಸ್ ಬಸ್ ಎಷ್ಟು ಹೊತ್ತಿಗೆ ಅಂತ ಶಿರಾ ಬಸ್‌ಸ್ಟ್ಯಾಂಡಿನಲ್ಲೇ ಕೇಳಿಕೊಂಡು ಹತ್ತಿ. ಮನೆಯಿಂದ ಚಿತ್ರಾನ್ನ, ಮಜ್ಜಿಗೆ ಕಟ್ಟಿಕೊಳ್ಳಿ, ನೀರು ಸ್ವಲ್ಪ ಜಾಸ್ತಿಯೇ ಇರಲಿ.